ಪಂಚಮಿಗೆ ಬಾರದ ಹೆಣ್ಣುಮಕ್ಕಳು

ನನ್ನ ಸೋದರಮಾವನಿಗೆ ಹೆಣ್ಣುಮಕ್ಕಳು ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಅವರನ್ನು ಕೂರಿಸಿ ನೀರು ಕೊಡುತ್ತೇನೆ. ಪ್ರಶ್ನೆ ಅಷ್ಟು ಸರಳವಾದದ್ದಲ್ಲ! ಮಾಮಿಯ ಹೊಟ್ಟೆಯಲ್ಲಿ ಹುಟ್ಟಿದವರು ಇಬ್ಬರೂ ಗಂಡುಮಕ್ಕಳು. ಅಕ್ಕಲಕೋಟೆಯಲ್ಲಿ ಮಾಮಾ ಇಟ್ಟ ಟವಲ್ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಸರದಿಯಂತೆ ಕೂರುತ್ತಾರೆ. ಆದರೆ ಮಾಮಾ ಲಗ್ನ ಮಾಡಿ ಕೊಟ್ಟ ಹೆಣ್ಣುಮಕ್ಕಳು ಅಕ್ಕಲಕೋಟೆಯಿಂದ ವಳಸಂಗ, ವಳಸಂಗದಿಂದ ಸೊಲ್ಲಾಪುರದ ವಿಜಾಪುರ ರಸ್ತೆಯ ತನಕ ಹರಡಿಕೊಂಡಿದ್ದಾರೆ. ಒಬ್ಬಳು ರೈಲ್ವೆ ಕ್ವಾರ್ಟರ್ಸಿನ ಹಿಂದೆ, ಒಬ್ಬಳು ಹಲ್ಲಿನ ಡಾಕ್ಟರ ದವಾಖಾನೆಯ ಮುಂದೆ, ಒಬ್ಬಳು ನಮ್ಮ ಮನೆಯ ನೀರಿನ ಟಾಕಿಯ ಪಕ್ಕ. ಎಲ್ಲರದೂ ಒಂದೇ ಬಣ್ಣ, ಒಂದೇ ಮೈಕಟ್ಟು, ಮುಟ್ಟಹೋದರೆ ಮುಳ್ಳು. ಎಲ್ಲರೂ ದಾಳಿಂಬೆ ಗಿಡಗಳು.

ಅಕ್ಕಲಕೋಟೆಯ ಮನೆಯ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಒಂದು ಹಳೆಯ ದಾಳಿಂಬೆ ಗಿಡ. ಮಳೆ ಶುರುವಾದ ಕೂಡಲೇ ಮಾಮಾ ಅದರ ಒಂದೆರಡು ಟೊಂಗೆಗಳಿಗೆ ಗೂಟಿ ಕಟ್ಟುತ್ತಾನೆ. ಎಂದರೆ, ಟೊಂಗೆಯ ತೊಗಟೆಯನ್ನು ಬಳೆಯ ಅಗಲಕ್ಕೆ ಸುಲಿದು, ಅಲ್ಲಿ ಹಸಿ ಮಣ್ಣು ಗೊಬ್ಬರದ ಮುದ್ದೆ ಮೆತ್ತಿ, ಮೇಲೆ ಪ್ಲಾಸ್ಟಿಕ್ ಸುತ್ತಿ ದಾರ ಬಿಗಿಯುವುದು. ತಿಂಗಳ ಮೇಲಾದರೆ ಮುದ್ದೆಯೊಳಗೆ ಬಿಳಿ ಬೇರು ಕಾಣಿಸುತ್ತದೆ. ಆಗ ಟೊಂಗೆಯನ್ನು ಕತ್ತರಿಸಿ ಕುಂಡದಲ್ಲಿಟ್ಟರೆ ಹೊಸ ಗಿಡ. ಊರವರು ಇದನ್ನು ಗೂಟಿ ಅನ್ನುತ್ತಾರೆ, ಮಾಮಾ ಬಾಣಂತನ ಅನ್ನುತ್ತಾನೆ. ಆ ದಿನಗಳಲ್ಲಿ ಯಾರಾದರೂ ಹಿತ್ತಿಲಲ್ಲಿ ಜೋರಾಗಿ ಮಾತಾಡಿದರೆ ಸಿಟ್ಟು ಬರುತ್ತದೆ. ಮಾಮಿ ಬಟ್ಟೆ ಒಗೆಯುವುದೂ ಮೆಲ್ಲಗೇ!

ಹೀಗೆ ಹುಟ್ಟಿದ್ದನ್ನು ಕೇಳಿದವರಿಗೆಲ್ಲ ಕೊಟ್ಟುಬಿಡಲಿಕ್ಕೆ ಅದೇನು ನರ್ಸರಿಯೇ? ಯಾರಾದರೂ ಸಸಿ ಕೇಳಿದರೆ ಮಾಮಾನ ಉತ್ತರ ಒಂದೇ: "ಮೊದಲ ಮನಿ ನೋಡಾಕ ಬರ್ತೀನ್ರಿ." ಇಸ್ತ್ರಿ ಮಾಡಿದ ಧೋತರ ಉಟ್ಟು, ಟೊಪಿಗೆ ಇಟ್ಟು, ಮಾಮಿಯನ್ನೂ ಕರೆದುಕೊಂಡು ಬರುತ್ತಾನೆ. ನನ್ನ ಜೊತೆ ಕಾಲೇಜಿನಲ್ಲಿ ಪಾಠ ಹೇಳುವ ಗೆಳೆಯನೊಬ್ಬ ಒಮ್ಮೆ ಗೊತ್ತಿಲ್ಲದೆ ಬಾಯಿ ಬಿಟ್ಟ. ಮಾಮಾ ಅವನ ಮನೆಯಲ್ಲಿ ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ವಿಚಾರಣೆ ಶುರು ಮಾಡಿದ.

"ನಳಾ ದಿನಾ ಬರ್ತಾವೇನ್ರಿ?"

"ಸೊಲ್ಲಾಪುರದಾಗ ದಿನಾ ಎಲ್ಲಿ ಬರ್ತಾವ್ರೀ ಮಾಮಾ! ಬಂದ ದಿನ ಬಂದಂಗ."

"ಬರದ ದಿನ ಆಕಿಗಿ ಏನ ಕುಡಸ್ತೀರಿ?"

"ಯಾಕಿಗ್ರಿ?" ಎಂದು ಗೆಳೆಯ ಗಾಬರಿಯಿಂದ ಹೆಂಡತಿಯ ಕಡೆ ನೋಡಿದ.

ಹೊರಗೆ ಬಂದ ಮೇಲೆ ಮಾಮಾ ತೀರ್ಪು ಕೊಟ್ಟ: "ಮಂದಿ ಚಲೋ ಅದಾರ. ಚಹಾನೂ ಚಲೋ ಮಾಡ್ತಾರ. ಆದ್ರ ಅಂಗಳ ತುಂಬ ಫರಶಿ ಹಾಸ್ಯಾರೋ ಅಳಿಯಾ! ಹೆಣ್ಣು ಕಾಲು ಎಲ್ಲಿ ಚಾಚಬೇಕು?"

ಸಂಬಂಧ ಮುರಿಯಿತು. ಆ ಗೆಳೆಯ ಮರುವಾರವೇ ಅಂಗಳದ ಫರಶಿ ಕಲ್ಲು ಕೀಳಿಸಿ ಹೇಳಿಕಳಿಸಿದ. ಅವನಿಗೆ ದಾಳಿಂಬೆ ಬೇಕಾಗಿತ್ತೆಂದಲ್ಲ. ತನ್ನ ಮನೆ ಹೆಣ್ಣು ಕೊಡುವಂಥದ್ದಲ್ಲ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಹಬ್ಬಿತ್ತು! ಒಪ್ಪಿಗೆಯಾದ ಮೇಲೆ ಮಾಮಾ ಬೇರಿನ ಮುದ್ದೆಗೆ ಹೊಸ ಹಸಿರು ಟವಲ್ ಸುತ್ತಿ, ಕಾಂಡಕ್ಕೆ ಕುಂಕುಮ ಹಚ್ಚಿ ಕಳಿಸಿಕೊಟ್ಟ. ಮಾಮಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳ ಕಣ್ಣಿಗೆ ಆ ದಿನ ಧೂಳು ಬಿದ್ದಿತ್ತೆಂದು ನಾನು ಈಗಲೂ ವಾದಿಸುತ್ತೇನೆ.

ಕೊಟ್ಟು ಕೈತೊಳೆದುಕೊಳ್ಳುವ ಅಪ್ಪನಲ್ಲ ಮಾಮಾ. ನಮ್ಮ ಕಡೆ ನಾಗರ ಪಂಚಮಿಗೆ ಕೊಟ್ಟ ಹೆಣ್ಣುಮಕ್ಕಳನ್ನು ತವರಿಗೆ ಕರೆಯುತ್ತಾರೆ. ಉಂಡಿ ಕಟ್ಟಿ, ಜೋಕಾಲಿ ಹಾಕಿ, ನಾಲ್ಕು ದಿನ ಕೆಲಸ ಹಚ್ಚದೆ ಇಟ್ಟುಕೊಂಡು ಕಳಿಸುತ್ತಾರೆ. ಗಿಡವನ್ನು ಕರೆಯುವುದು ಹೇಗೆ? ಅದಕ್ಕೆ ಮಾಮಾನೇ ಉಂಡಿಯ ಡಬ್ಬಿ ಹಿಡಿದು ಮನೆಮನೆಗೆ ಹೊರಡುತ್ತಾನೆ. ಶೇಂಗಾ ಉಂಡಿ ಮನೆಯವರಿಗೆ, ಬೆಲ್ಲದ ನೀರು ಗಿಡಕ್ಕೆ. ಒಂದು ಕಡ್ಡಿಗೆ ದಾರ ಕಟ್ಟಿ ಟೊಂಗೆಗೆ ಬೆರಳುದ್ದದ ಜೋಕಾಲಿಯನ್ನೂ ತೂಗುಬಿಡುತ್ತಾನೆ. ಎಲ್ಲ ಮುಗಿದು ಹೊರಡುವಾಗ ಮಾತ್ರ ಮುಖ ಸಣ್ಣದಾಗುತ್ತದೆ.

"ಇಷ್ಟ ಮಂದಿಗಿ ಕೊಟ್ಟೆ ಅಳಿಯಾ. ಒಬ್ಬಾಕಿಯಾದ್ರೂ ಪಂಚಮಿಗಿ ತವರಿಗಿ ಬಂದಾಳೇನು?"

"ಮಾಮಾ, ಗಿಡಕ್ಕ ಕಾಲಿಲ್ಲ."

"ಎಮ್ಮೆಸ್ಸಿ ಮಾಡೀಯಲ್ಲ, ಅದೊಂದು ಕಂಡುಹಿಡಿ ಮತ್ತ!"

ಪ್ರತಿ ವರ್ಷ ಇದೇ ಮಾತು, ಇದೇ ನಗು. ನಗು ನನ್ನದು. ಮಾಮಾ ನಗುತ್ತಿದ್ದನೇ? ಸರಿಯಾಗಿ ನೋಡಿದ ನೆನಪಿಲ್ಲ.

ನೆನಪಿನ ಮಾತು ಬಂತು. ನನ್ನ ಅವ್ವ ಮಾಮಾನಿಗೆ ಒಬ್ಬಳೇ ತಂಗಿ. ಪ್ರತಿ ಪಂಚಮಿಗೆ ಅಕ್ಕನನ್ನೂ ನನ್ನನ್ನೂ ಎಳೆದುಕೊಂಡು ಸೊಲ್ಲಾಪುರದಿಂದ ಅಕ್ಕಲಕೋಟೆಯ ಬಸ್ಸು ಹತ್ತುತ್ತಿದ್ದಳು. ದೇವರಿಗೆ ಹೋಗುವವರಿಂದ ಆ ಬಸ್ಸು ಮೊದಲೇ ತುಂಬಿರುತ್ತದೆ. ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಮೇಲಿನ ಸರಳು, ಸೆರಗಿಗೆ ಜೋತುಬಿದ್ದ ನಾವು. ಮಾಮಾ ಬೆಳಗಿನಿಂದಲೇ ಅಕ್ಕಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಬಂದ ಬಂದ ಬಸ್ಸಿನ ಕಿಟಕಿಗಳಲ್ಲಿ ಇಣುಕುತ್ತಿದ್ದ. ಅವ್ವ ಇಳಿದ ಕೂಡಲೇ ಅವನು ಕೇಳುತ್ತಿದ್ದುದು ಆರೋಗ್ಯವಲ್ಲ, ಮಳೆಬೆಳೆಯಲ್ಲ. "ಸೀಟ ಸಿಕ್ಕಿತ್ತೇನವಾ?" ದಾರಿಯುದ್ದಕ್ಕೂ ನಿಂತು ಬಂದ ಅವ್ವ ಕೂದಲು ಸರಿಮಾಡಿಕೊಳ್ಳುತ್ತ ಹೇಳುತ್ತಿದ್ದಳು: "ಹೂನಣ್ಣಾ, ಕಿಟಕಿ ಕಡೀದ ಸಿಕ್ಕಿತ್ತು."

ಹಾಗೆಂದು ನನ್ನ ನೆನಪು. ಅಕ್ಕ ಮಾತ್ರ ವಾದಕ್ಕೆ ನಿಲ್ಲುತ್ತಾಳೆ: "ಏನ ಕಥಿ ಕಟ್ಟತೀಯೋ! ಮಾಮಾ ಸ್ಟ್ಯಾಂಡಿಗಿ ಬಂದದ್ದ ನಾ ನೋಡಿಲ್ಲ. ನಾವ ಟಾಂಗಾ ಮಾಡ್ಕೊಂಡು ಹೋಗ್ತಿದ್ವಿ. ಎಲ್ಲೋ ಓದಿದ್ದನ್ನ ತಂದು ಅವ್ವಗ ಹಚ್ಚಬ್ಯಾಡ."

ಅಕ್ಕ ನನಗಿಂತ ದೊಡ್ಡವಳು. ನನಗಿಂತ ಹೆಚ್ಚು ಪಂಚಮಿ ನೋಡಿದವಳು. ನಾನೋ, ಪುರಾವೆಯಿಲ್ಲದೆ ಏನನ್ನೂ ನಂಬಬೇಡಿ ಎಂದು ವರ್ಷವಿಡೀ ಮಕ್ಕಳಿಗೆ ಹೇಳಿ ಸಂಬಳ ಎಣಿಸುವವನು. ಎಷ್ಟೋ ಸಲ ನನ್ನ ನೆನಪಿನಲ್ಲಿ ಮಳೆ ಧೋ ಎಂದು ಸುರಿಯುತ್ತಿರುತ್ತದೆ. ಸೊಲ್ಲಾಪುರದಲ್ಲಿ ಅಂಥ ಮಳೆ! ಅಂದ ಮೇಲೆ ಉಳಿದದ್ದನ್ನು ಹೇಗೆ ನಂಬುವುದು? ಮಾಮಾನನ್ನೇ ಕೇಳಿಬಿಡಬಹುದಿತ್ತು. ಆದರೆ ಅವನೂ "ಇಲ್ಲ ಬಿಡೋ" ಅಂದರೆ? ಅವ್ವನ ಒಂದು ಮಾತು ನನ್ನ ಕೈಯಿಂದ ಹೋಗುತ್ತದೆ. ಆದ್ದರಿಂದ ಕೇಳಲಿಲ್ಲ. ಸಂಶಯ ನನ್ನ ಕಸುಬೇ ಇರಬಹುದು. ಕಸುಬಿಗೂ ಒಂದು ರಜೆ ಬೇಡವೇ?

ನಮ್ಮ ಮನೆಗೆ ದಾಳಿಂಬೆ ಬಂದದ್ದು ಅವ್ವ ತೀರಿಕೊಂಡ ಮೇಲಿನ ಮೊದಲ ಪಂಚಮಿಗೆ. ಬಾಗಿಲಲ್ಲಿ ಮಾಮಾ ನಿಂತಿದ್ದ. ಒಂದು ಕೈಯಲ್ಲಿ ಉಂಡಿಯ ಡಬ್ಬಿ, ಒಂದು ಕೈಯಲ್ಲಿ ಹಸಿರು ಟವಲಿನ ಗಂಟು.

"ಮನಿ ನೋಡೂದು ಬ್ಯಾಡೇನ್ರಿ ಮಾಮಾರ?" ಎಂದು ನನ್ನ ಹೆಂಡತಿ ಚೇಷ್ಟೆ ಮಾಡಿದಳು.

"ಗೊತ್ತಿದ್ದ ಮನಿ ಏನ ನೋಡೂದವಾ? ಈ ಮನಿಗಿ ಒಮ್ಮೆ ಹೆಣ್ಣು ಕೊಟ್ಟೇವಿ" ಅಂದ ಮಾಮಾ. ಆಮೇಲೆ ಗುಂಡಿ ತೋಡುವ ಜಗಳ ಶುರುವಾಗಿ ಆ ಮಾತು ಅಲ್ಲೇ ಉಳಿಯಿತು.

ಜಗಳಕ್ಕೆ ಕಾರಣ ನನ್ನ ರಸಾಯನಶಾಸ್ತ್ರ. ನಮ್ಮ ಅಂಗಳದ ಕರಿಮಣ್ಣನ್ನು ನೀರಿನಲ್ಲಿ ಕದಡಿ, ಕಾಗದ ಅದ್ದಿ, ಬಣ್ಣ ನೋಡುತ್ತ ನಾನು ಕೂತಿದ್ದೆ. ಮಾಮಾ ಸೊಂಟದ ಮೇಲೆ ಕೈಯಿಟ್ಟು ನೋಡಿದ. "ಸೊಸಿ ಹೊಸ್ತಿಲ ದಾಟೂಕಿಂತ ಮೊದಲ ರಗತಾ ತಪಾಸ ಮಾಡಸ್ತಾರೇನೋ?" ಕೊನೆಗೆ ನಾನು ಹೇಳಿದಂತೆ ಮರಳು ಬೆರೆಸಿ, ಅವನು ಹೇಳಿದಂತೆ ಬುಡಕ್ಕೆ ಮಜ್ಜಿಗೆ ಹಾಕಿದೆವು. ಮರುದಿನ ಇಡೀ ಬಡಾವಣೆಯ ಇರುವೆಗಳು ಮದುವೆಯೂಟಕ್ಕೆ ಬಂದಿದ್ದವು! ನಾನು ಮಜ್ಜಿಗೆಯನ್ನು ಬೈದೆ, ಮಾಮಾ ಮರಳನ್ನು ಬೈದ, ಹೆಂಡತಿ ಇಬ್ಬರನ್ನೂ ಬೈದು ಇರುವೆಗಳನ್ನು ಗುಡಿಸಿದಳು.

ಸೊಲ್ಲಾಪುರದ ಬೇಸಿಗೆ ಗೊತ್ತಲ್ಲ? ಮಧ್ಯಾಹ್ನ ಹೊರಗೆ ಹೋದರೆ ಚಪ್ಪಲಿಯೂ ಕಾಲು ಬಿಟ್ಟು ನೆರಳಿಗೆ ಓಡುತ್ತದೆ. ಆ ಮೊದಲ ಬೇಸಿಗೆಯಲ್ಲಿ ಗಿಡದ ಮೇಲೆ ಹಸಿರು ಟವಲನ್ನು ಚಪ್ಪರದಂತೆ ಕಟ್ಟಿದ್ದೆವು. ದಿನಾ ಊಟದ ಹೊತ್ತಿಗೆ ಮಾಮಾನ ಫೋನು.

"ಆಕಿದು ಊಟಾ ಆತೇನವಾ?"

"ಮಾಮಾರ, ನಮ್ಮದ ಇನ್ನೂ ಆಗಿಲ್ರಿ."

"ನಿಮ್ಮದಿರಲಿ ಬಿಡು!"

ಎಲ್ಲ ಬೀಗರೂ ನಮ್ಮಷ್ಟು ವಿಧೇಯರಲ್ಲ. ವಳಸಂಗದ ನಮ್ಮ ದೂರದ ಸಂಬಂಧಿಯೊಬ್ಬರ ಮನೆಯಲ್ಲಿ ಮಾಮಾನ ದಾಳಿಂಬೆಯನ್ನು ಆಡು ತಿಂದುಹಾಕಿತು. ಪಂಚಮಿ ಹತ್ತಿರ ಬಂದಿತ್ತು. ಹೆದರಿದ ಅವರು ಸೊಲ್ಲಾಪುರದ ನರ್ಸರಿಯಿಂದ ಅಷ್ಟೇ ಎತ್ತರದ ದಾಳಿಂಬೆ ತಂದು, ಅದೇ ಗುಂಡಿಯಲ್ಲಿ ಹಚ್ಚಿ, ಅದೇ ಹಸಿರು ಟವಲನ್ನು ಸುತ್ತಿ, ಏನೂ ಆಗಿಯೇ ಇಲ್ಲವೆಂಬಂತೆ ಚಹಾಕ್ಕೆ ಇಟ್ಟರು. ಆ ವರ್ಷ ಮಾಮಾನ ಜೊತೆ ನಾನೂ ಇದ್ದೆ. ಮಾಮಾ ಗಿಡದ ಮುಂದೆ ಕೂತ. ಎಲೆ ಮುಟ್ಟಿದ. ಮನೆಯ ಯಜಮಾನರ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದ:

"ಎರಡನೇ ಸಂಬಂಧ ಯಾವಾಗ ಮಾಡಿದ್ರಿ? ಹೇಳಿದ್ರ ನಾವೂ ನಾಕು ಅಕ್ಕಿಕಾಳು ಹಾಕಾಕ ಬರ್ತಿದ್ವಲ್ರಿ!"

ಯಜಮಾನರ ಕೈಯಲ್ಲಿದ್ದ ಚಹಾ ಬಸಿಯಲ್ಲೇ ಉಳಿಯಿತು. ಇನ್ನು ದೊಡ್ಡ ರಾದ್ಧಾಂತವೆಂದು ನಾನು ಚಪ್ಪಲಿ ಹುಡುಕತೊಡಗಿದೆ. ಮಾಮಾ ಮಾತ್ರ ಡಬ್ಬಿ ತೆಗೆದು ಆ ಹೊಸ ಗಿಡಕ್ಕೂ ಬೆಲ್ಲದ ನೀರು ಹಾಕಿದ. ಜೋಕಾಲಿಯನ್ನೂ ಕಟ್ಟಿದ. "ಬಂದಾಕಿದೇನ ತಪ್ಪದ ಪಾಪ" ಅಂದ. ಬಸ್ ಸ್ಟ್ಯಾಂಡ್ ಬಂದಾಗ, "ಆಡಿನ್ನ ಕಟ್ಟಿಹಾಕಾಕ ಇವರಿಗಿ ಏನಾಗಿತ್ತೋ?" ಎಂದಷ್ಟೇ ಕೇಳಿದ.

ನಮ್ಮ ಗಿಡ ಮೊದಲ ಸಲ ಮೊಗ್ಗು ಬಿಟ್ಟ ಸುದ್ದಿಯನ್ನು ಹೆಂಡತಿ ಫೋನಿನಲ್ಲಿ ಹೇಳಿದಳು. ಹೇಳಬಾರದಿತ್ತು! ಆ ಭಾನುವಾರವೇ ಮಾಮಾ, ಮಾಮಿ, ಹಸಿರು ಬಳೆ, ಹಸಿರು ರವಿಕೆ ಖಣ, ಐದು ಥರದ ಅನ್ನ. ನಮ್ಮ ಕಡೆ ಬಸುರಿಗೆ ಮಾಡುವ ಕುಬಸದ ಕಾರ್ಯ, ಗಿಡಕ್ಕೆ! ಟೊಂಗೆಗೆ ಬಳೆ ಏರಿಸಿ, ಕಾಂಡಕ್ಕೆ ಖಣ ಕಟ್ಟುತ್ತಿರುವಾಗ ಪಕ್ಕದ ಮನೆಯ ಮರಾಠಿ ಆಜಿ ಗೋಡೆಯ ಮೇಲಿಂದ ಇಣುಕಿದರು. ಹೆಂಡತಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಅಗ ಬಾಯಿ! ಕೋಣಾಚ ಗ?" ಎಂದು ಕೇಳಿದರು. ಯಾರದೇ ಇದು?

"ಝಾಡಾಚ, ಆಜಿ," ಗಿಡದ್ದು, ಎಂದು ಹೆಂಡತಿ ನಾಚುತ್ತ ಹೇಳಿದಳು.

ಯಾರಾದರೂ ನಕ್ಕು ಒಳಗೆ ಹೋಗುತ್ತಿದ್ದರು. ಆಜಿ ನಗಲಿಲ್ಲ. "ಕಿತವಾ ಮಹಿನಾ?" ಎಂದರು. ಎಷ್ಟನೇ ತಿಂಗಳು! ಆಮೇಲೆ ಒಳಗೆ ಹೋಗಿ ಉಡಿ ತುಂಬಲು ಅಕ್ಕಿ, ಕೊಬ್ಬರಿಯ ತಾಟು ಹಿಡಿದು ಬಂದರು. ಇಡೀ ಅಂಗಳದಲ್ಲಿ ಬುದ್ಧಿ ನೆಟ್ಟಗಿದ್ದವನು ನಾನೊಬ್ಬನೇ. ನನ್ನನ್ನು ಬಾಳೆಲೆ ತೊಳೆಯಲು ಹಚ್ಚಿದ್ದರು.

"ಚೊಚ್ಚಲ ಹೆರಿಗಿ ತವರಾಗ ಆಗಬೇಕಾಗಿತ್ತು" ಎಂದು ಮಾಮಾ ಊಟ ಮಾಡುತ್ತ ಹಳೆಯ ರಾಗ ತೆಗೆದ. ಕಾಲಿಲ್ಲದ ಮಾತು ಮತ್ತೆ ಬಂತು. ನಾನು ಮಾತು ಬದಲಿಸಲು, "ಈ ಒಣಾ ಟೊಂಗಿ ಸವರತೀಯೇನು ಮಾಮಾ?" ಎಂದೆ. ಮಾಮಾ ಎರಡೂ ಕೈ ಹಿಂದೆ ಕಟ್ಟಿಕೊಂಡ.

"ಕೊಟ್ಟ ಹೆಣ್ಣಿಗಿ ಕೈ ಹಚ್ಚಬಾರದು. ಕತ್ತರಿ ಹಚ್ಚೋ ಹಕ್ಕು ಈಗ ನಿಮ್ಮದು."

ಹೂವೆಲ್ಲ ಗಾಳಿಗೆ ಉದುರಿ ಒಂದೇ ಕಾಯಿ ನಿಂತಿತು. ಅದನ್ನು ಅಳಿಲು ತಿಂದಿತು. ಹೆದರುತ್ತ ಫೋನು ಮಾಡಿದರೆ ಮಾಮಾ ಅಂದದ್ದು: "ಇರಲಿ, ಅಳಿಲಿಗೂ ಒಂದು ಅಜ್ಜನ ಮನಿ ಬೇಕಲ್ಲೋ."

ಈ ವರ್ಷದ ಬೇಸಿಗೆಯಲ್ಲಿ ಮಾಮಿಯ ಫೋನು ಬಂತು. "ಹಿತ್ತಲ ಗಿಡ ಹೋತಪಾ. ಮಾಮಾ ಮಾತಾಡವಲ್ಲ, ಒಮ್ಮೆ ಬಂದು ಹೋಗು."

ಹೋದೆ. ಒಗೆಯುವ ಕಲ್ಲಿನ ಹತ್ತಿರ ಹಳೆಯ ದಾಳಿಂಬೆ ನಿಂತಲ್ಲೇ ಒಣಗಿತ್ತು. ಎಲೆ ಉದುರಿಸುವ ಪುರುಸೊತ್ತೂ ಸಿಕ್ಕಿರಲಿಲ್ಲ. ಒಂದು ಬೇರು ಸೀಳಿ ನೋಡಿದೆ. ಒಳಗೆ ಕಂದು ಬಣ್ಣ. ನೆಲದೊಳಗಿನ ಬೂಷ್ಟಿನ ರೋಗ, ಬೇರಿನ ನೀರಿನ ದಾರಿ ಕಟ್ಟುತ್ತದೆ, ಅದೇ ಗುಂಡಿಯಲ್ಲಿ ಮತ್ತೆ ದಾಳಿಂಬೆ ಹಚ್ಚಬಾರದು, ಜಾಗ ಬದಲಿಸಬೇಕು ಎಂದು ನಾನು ಒಂದು ಪೂರ್ತಿ ಪಾಠ ಹೇಳಿದೆ. ಮಾಮಾ ಒಂದೂ ಅಡ್ಡಮಾತಿಲ್ಲದೆ ಕೇಳಿದ. ಅದೇ ನನಗೆ ಭಯ ಹುಟ್ಟಿಸಿತು.

"ಮುಗೀತೇನು?"

"ಹೂಂ."

"ಹಂಗಾದ್ರ ತವರೂ ಮುಗೀತು."

ದೊಡ್ಡ ಮಗ ನರ್ಸರಿಯ ಒಳ್ಳೆಯ ಜಾತಿಯ ಸಸಿ ತಂದು ಮೂಲೆಯಲ್ಲಿ ಇಟ್ಟಿದ್ದ. ಮಾಮಾ ಅದನ್ನು ಮುಟ್ಟಿರಲಿಲ್ಲ. ವಳಸಂಗದ ಎರಡನೇ ಸಂಬಂಧವನ್ನು ಒಪ್ಪಿಕೊಂಡವನು ಇದನ್ನೇಕೆ ಒಪ್ಪಬಾರದು ಎಂದು ನಾನು ತರ್ಕ ಹೂಡಿದೆ. "ಸೊಸಿ ಹೊರಗಿಂದ ಬರ್ತಾಳ ಅಳಿಯಾ," ಅಂದ ಮಾಮಾ, "ತಾಯಿ ಹೊರಗಿಂದ ಬರ್ತಾಳೇನು?" ಈ ಸಲ ಪಂಚಮಿಗೆ ತಾನು ಎಲ್ಲಿಗೂ ಹೋಗುವುದಿಲ್ಲವೆಂದೂ ಹೇಳಿದ. ಮೊಣಕಾಲು ನೋಯುತ್ತದಂತೆ. ತವರೇ ಇಲ್ಲದ ಮೇಲೆ ಯಾವ ಮುಖ ಹೊತ್ತು ಉಂಡಿ ಒಯ್ಯಬೇಕಂತೆ.

ಮನೆಗೆ ಬಂದು ಹೇಳಿದೆ. ಹೆಂಡತಿ ಟಾಕಿಯ ಪಕ್ಕದ ಗಿಡವನ್ನು ನೋಡುತ್ತ ನಿಂತಳು.

"ಆಕೀನ್ನ ಪಂಚಮಿಗಿ ಕಳಸೂಣು."

"ಹ್ಯಾಂಗ ಕಳಸ್ತಿ? ಕಾಲು..."

"ಕಾಲಿನ ಮಾತು ಸಾಕು ಮಾಡ್ರಿ! ಮಗಳು ಬರಾಕ ಆಗಲಿಲ್ಲಂದ್ರ ಮೊಮ್ಮಗಳು ಹೋಗ್ತಾಳ. ಕತ್ತರಿ ಹಚ್ಚೋ ಹಕ್ಕು ನಮ್ಮದು ಅಂತ ಮಾಮಾರ ಹೇಳ್ಯಾರಲ್ಲ?"

ಮಳೆ ಬಿದ್ದ ಕೂಡಲೇ ಎರಡು ಟೊಂಗೆಗೆ ಗೂಟಿ ಕಟ್ಟಿದೆವು. ಒಂದು ನನ್ನದು: ಬೇರು ಬರುವ ಪುಡಿ, ತೂಕ ಹಾಕಿ ಬೆರೆಸಿದ ಮಣ್ಣು, ಅಳತೆಯ ನೀರು. ಇನ್ನೊಂದು ಅವಳದು: ಅಂಗಳದ ಮಣ್ಣು, ಸಗಣಿ ಗೊಬ್ಬರ, ಪ್ಲಾಸ್ಟಿಕ್ಕಿನ ಮೇಲೆ ಆ ಹಳೆಯ ಹಸಿರು ಟವಲಿನ ಒಂದು ತುಂಡು. ಒಂದು ಟೊಂಗೆ ಒಣಗಿತು, ಒಂದು ಬೇರು ಬಿಟ್ಟಿತು. ಯಾವುದು ಯಾರದೆಂದು ನನಗೀಗ ಸರಿಯಾಗಿ ನೆನಪಿಲ್ಲ. ಹೆಂಡತಿಗೆ ಚೆನ್ನಾಗಿ ನೆನಪಿದೆ.

ಬೇರು ಬಿಟ್ಟ ಟೊಂಗೆಯನ್ನು ಕತ್ತರಿಸಿ ಎಣ್ಣೆಯ ಡಬ್ಬಿಯಲ್ಲಿ ಹಚ್ಚಿ ನೆರಳಲ್ಲಿಟ್ಟೆವು. ಹೊಸ ಚಿಗುರು ಬಂತು. ಪಂಚಮಿಯ ಬೆಳಿಗ್ಗೆ ಡಬ್ಬಿಗೆ ಹೊಸ ಹಸಿರು ಟವಲ್ ಸುತ್ತಿ, ಕುಂಕುಮ ಹಚ್ಚಿ, ಹೆಂಡತಿ ನನ್ನ ಕೈಗೆ ಕೊಟ್ಟಳು. "ಇಳಿಯೂಮುಂದ ಸೆರಗು... ಅಲ್ಲ, ಟವಲು ಸರಿಮಾಡ್ರಿ" ಎಂದಳು. ಅವಳಿಗೂ ಮಾಮಾನ ಗಾಳಿ ಬಡಿದಿತ್ತು. ಹಿಂದಿನ ದಿನ ಮಾಮಿಗೆ ಗುಟ್ಟಾಗಿ ಹೇಳಿದ್ದೆವು. ಮಾಮಿಗೆ ಗುಟ್ಟು ಹೇಳುವುದೂ ಒಂದೇ, ಅಂಗಡಿಯ ಬಾಗಿಲಿಗೆ ಬೋರ್ಡು ಹಾಕುವುದೂ ಒಂದೇ.

ಬಸ್ಸು ಎಂದಿನಂತೆ ತುಂಬಿ ತುಳುಕುತ್ತಿತ್ತು. ಕಂಡಕ್ಟರು ಡಬ್ಬಿಯನ್ನು ನೋಡಿ ಹುಬ್ಬೇರಿಸಿದ.

"ಹೇ ಕಾಯ?" ಇದೇನು ಎಂದು ಮರಾಠಿಯಲ್ಲಿ ಕೇಳಿದ.

"ಪಂಚಮಿಗಿ ತವರಿಗಿ ಹೊಂಟಾಳ್ರಿ," ಬಾಯಿ ತಪ್ಪಿ ಬಂದುಬಿಟ್ಟಿತು.

ಕಂಡಕ್ಟರು ತಟ್ಟನೆ ಕನ್ನಡಕ್ಕೆ ಇಳಿದ. "ಹಂಗಾದ್ರ ಲೇಡೀಜ ಆತು. ಹೆಣ್ಮಕ್ಕಳಿಗಿ ಅರ್ಧಾ ಟಿಕೀಟ. ನಿಮಗ ಪೂರ್ತಿ!" ಬಸ್ಸೆಲ್ಲ ನಕ್ಕಿತು. ಮುಳ್ಳು ಚುಚ್ಚೀತೆಂದು ಜನ ಸರಿದರು. ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಅಜ್ಜಿ, "ಎಳೀದು ಅದ, ನಜ್ಜಿ ಹೋಗ್ತದ, ಇಲ್ಲಿಡಪಾ" ಎಂದು ಈಚೆ ಸರಿದು ಜಾಗ ಬಿಟ್ಟರು. ಅವಳು ಕೂತಳು. ನಾನು ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಮೇಲಿನ ಸರಳು ಹಿಡಿದು ನಿಂತೆ. ವಳಸಂಗ ದಾಟಿತು. ಚಿಗುರು ಗಾಳಿಗೆ ಕಿಟಕಿಯಾಚೆ ನೋಡುತ್ತಿತ್ತು.

ಅಕ್ಕಲಕೋಟೆಯ ಸ್ಟ್ಯಾಂಡಿಗೆ ಬಸ್ಸು ತಿರುಗುವಾಗಲೇ ಕಂಡಿತು. ಕಂಬದ ಹತ್ತಿರ, ಇಸ್ತ್ರಿ ಮಾಡಿದ ಧೋತರ, ಟೊಪಿಗೆ, ಮೊಣಕಾಲಿಗಾಗಿ ಕೋಲು. ಬಸ್ಸು ನಿಲ್ಲುವ ಮೊದಲೇ ಕುಂಟುತ್ತ ಬಂದು, ಒಂದೊಂದೇ ಕಿಟಕಿಯಲ್ಲಿ ಇಣುಕುತ್ತಿದ್ದ.

ನಾನು ಡಬ್ಬಿ ಹಿಡಿದು ಇಳಿದೆ. ಮಾಮಾ ನನ್ನ ಮುಖ ನೋಡಲೇ ಇಲ್ಲ. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ಎರಡೂ ಕೈ ಚಾಚಿ ಡಬ್ಬಿ ಇಸಕೊಂಡ. ಚಿಗುರಿನ ಮೇಲಿನ ಧೂಳನ್ನು ಬಾಯಿಂದ ಊದಿದ. ಆಮೇಲೆ ಮೆಲ್ಲಗೆ ಕೇಳಿದ:

"ಸೀಟ ಸಿಕ್ಕಿತ್ತೇನವಾ?"

ಗಿಡಕ್ಕೆ ಬಾಯಿಲ್ಲ. ಯಾರಾದರೂ ಹೇಳಬೇಕಲ್ಲ.

"ಹೂಂ ಮಾಮಾ," ಎಂದೆ. "ಕಿಟಕಿ ಕಡೀದ ಸಿಕ್ಕಿತ್ತು."

ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಉತ್ತರ ನಿಜವಾಗಿತ್ತು.